ಮೂರು ಪದ್ಯಗಳಲ್ಲಿ ಒಂದು ಕೊಂಬು

ರೋನ್ಸ್‌ವೋ ಕಣಿವೆಯಲ್ಲಿ ಸಾವು ಎದುರು ನಿಂತಾಗ ರೋಲಾಂ ತನ್ನ ದಂತದ ಕೊಂಬನ್ನು ಊದುತ್ತಾನೆ. ಹಳೆಯ ಫ್ರೆಂಚ್ ವೀರಕಾವ್ಯ 'ರೋಲಾಂ ಗೀತೆ'ಯ ಕವಿ ಅದನ್ನು ಬೆನ್ನುಬೆನ್ನಿಗೆ ಮೂರು ಪದ್ಯಖಂಡಗಳಲ್ಲಿ ಹೇಳುತ್ತಾನೆ. ಮೊದಲನೆಯದರಲ್ಲಿ ಎತ್ತರದ ಬೆಟ್ಟಗಳು, ಬಹುದೂರ ಮಾರ್ದನಿಸುವ ಸದ್ದು. ಎರಡನೆಯದರಲ್ಲಿ ಬಾಯಿಂದ ಚಿಮ್ಮುವ ರಕ್ತ. ಅತ್ತ ದೊರೆ ಶಾರ್ಲಮೇನನ ಪಕ್ಕದಲ್ಲಿ ದ್ರೋಹಿ ಗಾನಲೋಂ, ರೋಲಾಂ ಒಂದು ಮೊಲಕ್ಕಾಗಿಯೂ ದಿನವಿಡೀ ಕೊಂಬೂದುವವನೆಂದು ತಳ್ಳಿಹಾಕುತ್ತಾನೆ. ಮೂರನೆಯದರಲ್ಲಿ ಬಾಯಿ ಆಗಲೇ ರಕ್ತಸಿಕ್ತ. ಡ್ಯೂಕ್ ನೇಮ್ ಆ ದ್ರೋಹವನ್ನು ಬಾಯಿಬಿಟ್ಟು ಹೇಳುತ್ತಾನೆ. ಊದಿದ್ದು ಮೂರು ಸಲವೇ, ಒಂದೇ ಸಲವೇ? ಪುಸ್ತಕ ಹಿಡಿದು ಓದುವವರಿಗೆ ಇದು ತೊಡಕು. ಗಟ್ಟಿಯಾಗಿ ಓದಿದಾಗ ತೊಡಕು ಕರಗುತ್ತದೆ: ಕಥೆ ನಿಂತಿರುತ್ತದೆ, ನೋವು ಮಾತ್ರ ಬೆಳೆಯುತ್ತ ಹೋಗುತ್ತದೆ.

ಸುಮಾರು 4000 ಸಾಲುಗಳ 'ರೋಲಾಂ ಗೀತೆ'ಯ ಅತಿ ಹಳೆಯ ಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. 12ನೆಯ ಶತಮಾನದ ಹಸ್ತಪ್ರತಿ. ಅದನ್ನು ಫ್ರಾನ್ಸಿಸ್ಕ್ ಮಿಶೆಲ್ ಮೊದಲು ಅಚ್ಚು ಹಾಕಿಸಿದ್ದು 1837ರಲ್ಲಿ. ಸಾಲಿಗೆ ಹತ್ತು ಅಕ್ಷರ, ಸಾಮಾನ್ಯವಾಗಿ ನಾಲ್ಕನೆಯದರ ನಂತರ ಯತಿ. 'ಲೆಸ್' ಎನ್ನುವ ಪದ್ಯಖಂಡಕ್ಕೆ ಇಷ್ಟೇ ಸಾಲು ಎಂಬ ಕಟ್ಟಿಲ್ಲ. ಅದರ ಸಾಲುಗಳೆಲ್ಲ ಒಂದೇ ಸ್ವರದ ಮೇಲೆ ಮುಗಿಯುತ್ತವೆ. ಸ್ವರ ಬದಲಾಯಿತೆಂದರೆ ಹೊಸ ಖಂಡ ಶುರುವಾಯಿತೆಂದು ಕಿವಿಗೆ ತಿಳಿಯುತ್ತದೆ.

ಅನುವಾದಕರ ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಗಾಯಗೊಂಡಿದ್ದ ಸ್ಕಾಟ್ ಮಾಂಕ್ರೀಫ್ 1919ರ ತನ್ನ ಇಂಗ್ಲಿಷ್ ಅನುವಾದದಲ್ಲಿ ಆ ಸ್ವರಪ್ರಾಸವನ್ನು ಬಿಡಲಿಲ್ಲ. ಅದಕ್ಕಾಗಿ ವಾಕ್ಯಗಳನ್ನು ತಿರುಚಿದ, ಹಳತಾದ ಪದಗಳನ್ನು ತಂದ. ಆದರೂ ಯುದ್ಧದಲ್ಲಿ ಸತ್ತ ವಿಲ್ಫ್ರೆಡ್ ಓವನ್ ಮೊದಲಾದ ಗೆಳೆಯರಿಗೆ ಅರ್ಪಿಸಿದ ಆ ಪುಸ್ತಕದಲ್ಲಿ ಶೋಕದ ಭಾರವಿದೆ. ಡೊರೊಥಿ ಸೇಯರ್ಸ್ 1957ರಲ್ಲಿ ಅದೇ ದಾರಿ ಹಿಡಿದರು. ಡಬ್ಲ್ಯೂ. ಎಸ್. ಮರ್ವಿನ್ ಗದ್ಯವನ್ನು ಆರಿಸಿಕೊಂಡ. ಆ ಗದ್ಯ ತಿಳಿಯಾಗಿದೆ, ಅಂದವಾಗಿದೆ. ಆದರೆ ಪುನರುಕ್ತಿ ಅಲ್ಲಿ ದೋಷದಂತೆ ಕಾಣತೊಡಗುತ್ತದೆ. ಗ್ಲಿನ್ ಬರ್ಜೆಸ್‌ನ 1990ರ ಅನುವಾದ ಪ್ರಾಸ ಬಿಟ್ಟರೂ ಸಾಲಿಗೆ ಸಾಲು ನಿಷ್ಠವಾಗಿದೆ. ಅಧ್ಯಯನಕ್ಕೆ ಬರ್ಜೆಸ್, ನಾಲಿಗೆಗೆ ಸೇಯರ್ಸ್ ಎನ್ನಬೇಕು.

ಇದು ಹಾಡುತ್ತಿದ್ದ ಕಾವ್ಯ. 1066ರ ಹೇಸ್ಟಿಂಗ್ಸ್ ಯುದ್ಧದಲ್ಲಿ ತಾಯ್‌ಫೆರ್ ಎಂಬವನು ರೋಲಾಂನನ್ನು ಕುರಿತು ಹಾಡುತ್ತ ಮುಂದೆ ಸಾಗಿದನೆಂದು ಕವಿ ವಾಸ್ ಬರೆದದ್ದು ನೂರು ವರ್ಷದ ಬಳಿಕ. ಅದನ್ನು ಅಕ್ಷರಶಃ ನಂಬಬೇಕಿಲ್ಲ. ಹೆಚ್ಚು ಉಪಯೋಗದ ಸಾಕ್ಷಿ 1300ರ ಸುಮಾರಿನ ಸಂಗೀತಶಾಸ್ತ್ರಜ್ಞ ಗ್ರೋಕಿಯೋನದು: ವೀರಗೀತೆಗಳಲ್ಲಿ ಒಂದೇ ಮಟ್ಟು ಸಾಲುಸಾಲಿಗೂ ಮರುಕಳಿಸುತ್ತದೆ ಎನ್ನುತ್ತಾನೆ. ಇವತ್ತು ಈ ಕಾವ್ಯವನ್ನು ವೇದಿಕೆಗೆ ತರುವವರು ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಪ್ರತಿ ಪಾತ್ರಕ್ಕೂ ಬೇರೆ ದನಿ, ಪ್ರತಿ ಸಾವಿಗೂ ಕೂಗಾಟ ಎಂದು ಹೊರಟರೆ ಲೆಸ್‌ಗಳ ಕಟ್ಟು ಒಡೆದುಹೋಗುತ್ತದೆ. ರೋಲಾಂನ ಸಾವಿನ ಸುದ್ದಿ ಕೇಳಿ ಅವನಿಗೆ ನಿಶ್ಚಯವಾಗಿದ್ದ ವಧು ಓದ್ ಕುಸಿದು ಸಾಯುವ ಪ್ರಸಂಗ ಮೂವತ್ತು ಸಾಲನ್ನೂ ಮೀರುವುದಿಲ್ಲ. ದೊರೆ ತನ್ನ ಮಗನನ್ನೇ ಅವಳಿಗೆ ವರನಾಗಿ ಕೊಡುತ್ತೇನೆನ್ನುತ್ತಾನೆ. ಅವಳು ಒಪ್ಪದೆ ಪ್ರಾಣ ಬಿಡುತ್ತಾಳೆ. ಅಲ್ಲಿ ನಟನೆ ಬೇಡ, ಸಾಲಿನ ನಡೆ ಸಾಕು.

ಕಷ್ಟದ ವಿಷಯ ಇನ್ನೊಂದಿದೆ. 778ರಲ್ಲಿ ಶಾರ್ಲಮೇನನ ಹಿಂಬದಿ ಸೇನೆಯನ್ನು ಕಣಿವೆಯಲ್ಲಿ ಕಡಿದವರು ಬಾಸ್ಕರು. ಐನ್‌ಹಾರ್ಡ್ ಬರೆದ ಶಾರ್ಲಮೇನನ ಚರಿತ್ರೆ ಹಾಗೆ ಹೇಳುತ್ತದೆ. ಕಾವ್ಯದಲ್ಲಿ ಅವರ ಜಾಗಕ್ಕೆ ಮುಸ್ಲಿಮರು ಬಂದಿದ್ದಾರೆ, ಅದೂ ಮೂರ್ತಿಪೂಜಕರಾಗಿ. ಕಾಲವೇ ಹಾಗಿತ್ತೆಂದು ಈ ಸುಳ್ಳನ್ನು ದಾಟಿಹೋಗುವುದು ಸರಿಯಲ್ಲ. ಪ್ರದರ್ಶನಕ್ಕಾಗಿ ಆ ಭಾಗಗಳನ್ನು ಕತ್ತರಿಸಿ ರೋಲಾಂ, ಒಲಿವಿಯೆಯರ ಗೆಳೆತನವನ್ನಷ್ಟೇ ಉಳಿಸುವುದು ಅದಕ್ಕಿಂತ ತಪ್ಪು. ಸೋತವರ ಮೂರ್ತಿಗಳನ್ನು ಒಡೆದು, ಒಪ್ಪದವರನ್ನು ಕೊಂದು, ಸಾವಿರಾರು ಜನರಿಗೆ ಬಲವಂತದ ದೀಕ್ಷೆ ಕೊಡುವ ಸಾಲುಗಳನ್ನೂ ಕೊಂಬಿನ ಸಾಲುಗಳಷ್ಟೇ ಸ್ಪಷ್ಟವಾಗಿ ಓದಿಸಬೇಕು. ವೀರನ ನೋವಿಗೆ ಮರುಗಿದ ಕೇಳುಗರೇ ಆ ಹಿಂಸೆಯನ್ನೂ ಪೂರ್ತಿ ಕೇಳಬೇಕು.