ಪುಸ್ತಕದ ಮುಯ್ಯಿ

ಗ್ರಂಥಾಲಯಗಳ ನಡುವೆ, ಶಾಲೆಗಳ ನಡುವೆ ಪುಸ್ತಕ ಹಂಚಿಕೆಯಾಗಬೇಕು ಎಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಎಲ್ಲರ ಕಣ್ಣಿಗೂ ಬರುವುದು ಒಂದೇ ಚಿತ್ರ. ವಿಜಯಪುರದ ಯಾವುದೋ ಕಾಲೇಜೋ ಸಂಘವೋ ತಾನು ಓದಿ ಮುಗಿಸಿದ ಪುಸ್ತಕಗಳ ಗಂಟು ಕಟ್ಟಿ ತಿಕೋಟಾ ಕಡೆಗೋ ಬಬಲೇಶ್ವರ ಕಡೆಗೋ ಒಯ್ಯುತ್ತದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಹಾರ, ಫೋಟೊ. ಹೆಡ್‌ಮಾಸ್ತರರು ಗಂಟು ಇಸಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ. ನಗರದಲ್ಲಿ ಹೆಚ್ಚಾದದ್ದು ಹಳ್ಳಿಗೆ ಹೋಯಿತು, ಹಂಚಿಕೆ ಆಯಿತು ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ.

ಕೊಟ್ಟವರ ಮನಸ್ಸು ಒಳ್ಳೆಯದು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇದು ದಾನ. ದಾನಕ್ಕೆ ಹಂಚಿಕೆ ಎಂದು ಹೆಸರಿಟ್ಟುಕೊಂಡು ನಾವು ನಿಜವಾದ ಹಂಚಿಕೆಯನ್ನು ಕಟ್ಟದೆ ಬಿಟ್ಟಿದ್ದೇವೆ. ಅದಕ್ಕೆ ಒಕ್ಕಲುತನದಲ್ಲಿ ಒಂದು ಹೆಸರಿದೆ: ಮುಯ್ಯಿ. ಇವತ್ತು ನಿಮ್ಮ ಹೊಲದ ಕಳೆಗೆ ನಮ್ಮ ಮನೆಯ ಎರಡು ಆಳು ಬಂದರೆ ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯ ಎರಡು ಆಳು ಬರಬೇಕು. ರೊಕ್ಕದ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಲೆಕ್ಕ ಮಾತ್ರ ಇಬ್ಬರ ನೆನಪಿನಲ್ಲೂ ಪಕ್ಕಾ ಇರುತ್ತದೆ. ದಾನದಲ್ಲಿ ಪುಸ್ತಕ ಒಂದೇ ಸಲ ಪ್ರಯಾಣ ಮಾಡುತ್ತದೆ; ಮುಯ್ಯಿಯಲ್ಲಿ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ.

ಹಳ್ಳಿಯ ಕಡೆಯಿಂದ ವಾಪಸು ಕೊಡುವುದಕ್ಕೆ ಏನಿದೆ ಎಂದು ಕೇಳುವವರಿದ್ದಾರೆ. ಈ ಊರಿನಲ್ಲಿ ನಿಂತು ಈ ಪ್ರಶ್ನೆ ಕೇಳಬಾರದು. ವಕೀಲಿ ಮಾಡಲು ವಿಜಯಪುರಕ್ಕೆ, ಆಗಿನ ಬಿಜಾಪುರಕ್ಕೆ, ಬಂದು ನೆಲೆಸಿದ ಫ.ಗು. ಹಳಕಟ್ಟಿಯವರಿಗೆ ವಚನಗಳು ಸಿಕ್ಕಿದ್ದು ಯಾವ ನಗರದ ಗ್ರಂಥಾಲಯದಲ್ಲೂ ಅಲ್ಲ. ಮಠಗಳ ಗೂಡುಗಳಲ್ಲಿ, ಊರೂರಿನ ಮನೆತನಗಳ ಜಂತಿಗೆ ಕಟ್ಟಿದ ಗಂಟುಗಳಲ್ಲಿ ತಾಡೋಲೆಗಳಿದ್ದವು. ಅವರು ಹೋಗಿ ಕೇಳಿದರು; ಮನೆಯವರು ನಂಬಿ ಕೊಟ್ಟರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಅವರು ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಹಳ್ಳಿಯಿಂದ ಬಂದ ಓಲೆ ಅಚ್ಚಿನ ಪುಸ್ತಕವಾಗಿ ಹಳ್ಳಿಗೆ ಮರಳಿತು. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪುಸ್ತಕ ಮುಯ್ಯಿ ನನಗೆ ಗೊತ್ತಿಲ್ಲ. ನಗರ ಇಲ್ಲಿ ಮೊದಲು ಇಸಕೊಂಡದ್ದು, ಆಮೇಲೆ ಕೊಟ್ಟದ್ದು. ತಿಕೋಟಾ ದಾರಿಯಲ್ಲೇ ಸಿಗುವ ತೊರವಿಯ ಸುರಂಗಬಾವಡಿಯಿಂದ ನೆಲದೊಳಗಿನ ಕಾಲುವೆಯಲ್ಲಿ ಆದಿಲಶಾಹಿ ನಗರಕ್ಕೆ ನೀರು ಬಂದದ್ದೂ ಹೀಗೆಯೇ, ಹೊರಗಿನಿಂದ ಒಳಕ್ಕೆ.

ಕೊಡುವಂಥದ್ದು ಹಳ್ಳಿಯ ಹತ್ತಿರ ಇವತ್ತಿಗೂ ಇದೆ. ಹಿಟ್ಟಿನಹಳ್ಳಿಯ ಕೃಷಿ ಮಹಾವಿದ್ಯಾಲಯದಲ್ಲಿ ಓದುವ ಹುಡುಗನಿಗೆ ದ್ರಾಕ್ಷಿಯ ಪಠ್ಯಪುಸ್ತಕ ಅಲ್ಲೇ ಸಿಗುತ್ತದೆ. ಯಾವ ವಾರ ಯಾವ ಔಷಧ ಹೊಡೆದರು, ಯಾವ ವರ್ಷ ಮಳೆ ಬಿದ್ದು ಹೂವು ಉದುರಿತು, ಒಣದ್ರಾಕ್ಷಿ ರ‍್ಯಾಕಿನ ಮೇಲೆ ಎಷ್ಟು ದಿನ ಇತ್ತು ಎನ್ನುವ ಬರಹ ಮಾತ್ರ ತಿಕೋಟಾ ಸುತ್ತಲಿನ ತೋಟದವರ ಡೈರಿಯಲ್ಲಿದೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಯ ಬಗ್ಗೆ ಇತಿಹಾಸದ ಪುಸ್ತಕ ನಗರದಲ್ಲಿದೆ. ಆ ಕೆರೆಯ ನೀರು ಯಾವ ಹೊಲಕ್ಕೆ ಯಾವ ಸರದಿಯಲ್ಲಿ ಹೋಗುತ್ತಿತ್ತು ಎನ್ನುವುದು ಅಲ್ಲಿನ ಹಿರಿಯರ ಬಾಯಲ್ಲಿದೆ. ಅದನ್ನು ಹೈಸ್ಕೂಲಿನ ಮಕ್ಕಳಿಂದ ಬರೆಸಿ, ಒಂದು ಪ್ರತಿ ಶಾಲೆಯಲ್ಲಿಟ್ಟು ಇನ್ನೊಂದನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕೊಟ್ಟರೆ ಅದು ಮುಯ್ಯಿಯ ಅರ್ಧ. ಉಳಿದರ್ಧವನ್ನು ಪುಸ್ತಕದ ರೂಪದಲ್ಲಿ ಕೇಳುವ ಹಕ್ಕು ಆಗ ಆ ಶಾಲೆಗೆ ಬರುತ್ತದೆ.

ಮುಯ್ಯಿಗೆ ಮೊದಲು ಬೇಕಾದದ್ದು ಯಾರ ಹತ್ತಿರ ಏನಿದೆ ಎಂಬ ಪಟ್ಟಿ. ಇಲ್ಲಿ ನಮ್ಮ ಊರಿನದೇ ನೋವಿನ ಉದಾಹರಣೆ ಒಂದಿದೆ. ಆಸಾರ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿ ಅರಮನೆಯ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಇಂಡಿಯಾ ಆಫೀಸಿನ ಅರಬ್ಬಿ ಹಸ್ತಪ್ರತಿಗಳಿಗೆ ಒಟ್ಟೊ ಲೋತ್ ಎಂಬ ವಿದ್ವಾಂಸ 1877ರಲ್ಲಿ ಪಟ್ಟಿ ಅಚ್ಚು ಹಾಕಿಸಿದ. ಬಿಜಾಪುರದ ಪ್ರತಿಗಳೂ ಅದರಲ್ಲಿ ಸೇರಿದವು. ಕಳೆದುಕೊಂಡದ್ದು ಕಳೆದುಕೊಂಡದ್ದೇ, ಅದನ್ನು ಸಮರ್ಥಿಸಲು ನಾನು ಇದನ್ನು ಹೇಳುತ್ತಿಲ್ಲ. ಆದರೆ ಏಳು ಸಮುದ್ರದಾಚೆ ಹೋದ ಆ ಪುಸ್ತಕ ಎಲ್ಲಿದೆ ಎಂದು ಇಲ್ಲಿ ಕುಳಿತು ಹೇಳಬಹುದು. ನಮ್ಮ ಪಕ್ಕದ ಹಳ್ಳಿಯ ಶಾಲೆಯ ಕಪಾಟಿನಲ್ಲಿ ಯಾವ ಪುಸ್ತಕ ಇದೆ ಎಂದು ಹೇಳಲು ಆಗುವುದಿಲ್ಲ. ಸಮಗ್ರ ಶಿಕ್ಷಣದಡಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿಯವರೆಗೆ ಗ್ರಂಥಾಲಯದ ಅನುದಾನ ಇದೆ. ಅಕ್ಕಪಕ್ಕದ ಹತ್ತು ಶಾಲೆಗಳು ಒಂದು ಪಟ್ಟಿ ಮುಂದಿಟ್ಟುಕೊಂಡು ಕೊಂಡರೆ ಅದೇ ದುಡ್ಡಿಗೆ ಹತ್ತು ಬಗೆಯ ಪುಸ್ತಕ ಬರುತ್ತವೆ. ಪಟ್ಟಿ ಇಲ್ಲದಿದ್ದರೆ ಒಂದೇ ಪುಸ್ತಕದ ಹತ್ತು ಪ್ರತಿ ಬಂದರೂ ಯಾರಿಗೂ ಗೊತ್ತಾಗುವುದಿಲ್ಲ.

ಪಟ್ಟಿ ಏಕೆ ಆಗಲಿಲ್ಲ? ಜನಕ್ಕೆ ಆಸಕ್ತಿ ಇಲ್ಲ ಎಂಬ ಉತ್ತರ ನಾನು ಒಪ್ಪುವುದಿಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಲೇ ಬಂದಿದ್ದೇವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಅದರಿಂದ ಒಳ್ಳೆಯದೂ ಆಯಿತು: ಮರುವರ್ಷ ‘ಓದುವ ಬೆಳಕು’ ಅಭಿಯಾನ ಬಂತು, ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಗ್ರಂಥಾಲಯಗಳು ಅರಿವು ಕೇಂದ್ರಗಳಾದವು. ಆದರೆ ನಗರದ ಕೇಂದ್ರ ಗ್ರಂಥಾಲಯ ಒಂದು ಇಲಾಖೆ, ಹಳ್ಳಿಯದು ಇನ್ನೊಂದು, ಶಾಲೆಯ ಕಪಾಟು ಮತ್ತೊಂದು, ಕಾಲೇಜಿನದು ಬೇರೆಯೇ ಎನ್ನುವ ಸ್ಥಿತಿ ಗಟ್ಟಿಯಾಯಿತು. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಇನ್‌ಫ್ಲಿಬ್‌ನೆಟ್ಟಿನ ಎನ್-ಲಿಸ್ಟ್ ಇದೆ. ವಂತಿಗೆ ಕಟ್ಟುವ ಸಂಸ್ಥೆಗಳು ಒಂದಕ್ಕೊಂದು ಪುಸ್ತಕ ಎರವಲು ಕೊಡಲು 1988ರಲ್ಲಿ ಶುರುವಾದ ಡೆಲ್‌ನೆಟ್ ಇದೆ. ಹಳ್ಳಿಯ ಪ್ರಾಥಮಿಕ ಶಾಲೆಯ ಅಕ್ಕೋರು ಇವೆರಡರ ಹೊರಗೆ ನಿಂತಿದ್ದಾರೆ. ಒಂದೇ ಓಣಿಯ ಶಾಲೆಗೂ ಅರಿವು ಕೇಂದ್ರಕ್ಕೂ ನಡುವೆ ಪುಸ್ತಕ ದಾಟಬೇಕಾದರೆ ಕಾಗದದ ಮೇಲೆ ಎರಡು ಇಲಾಖೆ ದಾಟಬೇಕು.

ಇದಕ್ಕಿಂತ ದೊಡ್ಡದು ಭಯ. ಪುಸ್ತಕ ಕಳೆದರೆ ತಪಾಸಣೆಯಲ್ಲಿ ಯಾರ ಸಂಬಳಕ್ಕೆ ಕತ್ತರಿ? ಈ ಒಂದು ಪ್ರಶ್ನೆ ನಮ್ಮ ಸೀಮೆಯ ಕಪಾಟುಗಳಿಗೆ ಹಾಕಿದಷ್ಟು ಕೀಲಿಯನ್ನು ಬೇರೆ ಯಾವುದೂ ಹಾಕಿಲ್ಲ. ಮಾಸ್ತರರನ್ನು ಜಿಪುಣರೆಂದು ಬೈಯುವವರು ಅವರ ಜಾಗದಲ್ಲಿ ಒಂದು ದಿನ ನಿಂತು ನೋಡಬೇಕು. ಓದುವ ಕಡೆ ಪುಸ್ತಕ ಕಳೆಯುತ್ತದೆ, ಹರಿಯುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಇದನ್ನು ಒಪ್ಪುತ್ತವೆ: ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇಲ್ಲದಿದ್ದರೆ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ, 1,000 ರೂಪಾಯಿಗಿಂತ ಹೆಚ್ಚಿನ ಬೆಲೆಯವು ಮತ್ತು ಅಪರೂಪದವು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಈ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಪ್ರತಿ ಶಾಲೆಯ ಗೋಡೆಗೆ, ಪ್ರತಿ ಅರಿವು ಕೇಂದ್ರದ ಗೋಡೆಗೆ ಹಚ್ಚಿ, ಇಲ್ಲಿಯೂ ಇದೇ ನಡೆಯುತ್ತದೆ ಎಂದು ಜಿಲ್ಲಾ ಪಂಚಾಯಿತಿ ಮತ್ತು ಶಿಕ್ಷಣ ಇಲಾಖೆ ಕೂಡಿ ಒಂದು ಆದೇಶ ಹೊರಡಿಸಿದರೆ, ನೂರು ಪುಸ್ತಕದ ಗಂಟು ಮಾಡದ ಕೆಲಸವನ್ನು ಅದೊಂದು ಹಾಳೆ ಮಾಡುತ್ತದೆ.

ಈಗ ಮೊಬೈಲಿನ ಮಾತು. ಎಲ್ಲವೂ ಫೋನಿನಲ್ಲೇ ಸಿಗುವಾಗ ಕಪಾಟಿನ ಗೊಡವೆ ಏಕೆ ಎಂದು ಈಗೀಗ ಓದಿದವರೇ ಹೇಳುತ್ತಾರೆ. ನಮ್ಮ ಶಿಕ್ಷಕರು ಹಂಚಿಕೊಳ್ಳುವುದರಲ್ಲಿ ಹಿಂದೆ ಬಿದ್ದವರಲ್ಲ ಎಂಬುದಕ್ಕೆ ಅವರ ವಾಟ್ಸ್ಆ್ಯಪ್ ಗುಂಪುಗಳೇ ಸಾಕ್ಷಿ. ಪಾಠಯೋಜನೆ, ಪ್ರಶ್ನೆಪತ್ರಿಕೆ, ಚಿತ್ರಪಟ ರಾತ್ರಿ ಹತ್ತಕ್ಕೂ ಓಡಾಡುತ್ತವೆ. ಅದಕ್ಕಿಂತ ಬಹಳ ಮೊದಲು, 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಕೂಡಿ ಕಲಿಕೆಯ ಕಾರ್ಡುಗಳನ್ನು ಬರೆದು ನಲಿ-ಕಲಿ ಪದ್ಧತಿ ಕಟ್ಟಿದರು. ಆದರೆ ವಾಟ್ಸ್ಆ್ಯಪ್ಪಿನಲ್ಲಿ ಬಂದದ್ದು ಫೋನು ತುಂಬಿದ ದಿನ ಅಳಿಯುತ್ತದೆ. ಯಾರು ಬರೆದದ್ದು, ತಿದ್ದಬಹುದೇ, ಮತ್ತೆ ಎಲ್ಲಿ ಹುಡುಕಬೇಕು, ಯಾವುದೂ ತಿಳಿಯದು. ಅಲ್ಲೂ ಇಲ್ಲದಿರುವುದು ಪಟ್ಟಿಯೇ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯಲ್ಲಿ ಶಿಕ್ಷಕರು ಬರೆದದ್ದನ್ನು ಬೇರೆ ಶಿಕ್ಷಕರು ಹುಡುಕಿ ತಿದ್ದಿ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಇಟ್ಟಿದ್ದರು, ದಾರಿ ಅದು. ಕಾನೂನೂ ಕೆಲವು ಕಡೆ ಬಾಗಿಲು ತೆರೆದಿದೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಲೇಖಕರ ನಂತರದ 60 ವರ್ಷದ ಹಕ್ಕುಸ್ವಾಮ್ಯ ಮುಗಿದು 2025ರ ಜನವರಿ 1ರಿಂದ ಅವರ ಬರಹ ಎಲ್ಲರದಾಗಿದೆ. ಬಬಲೇಶ್ವರದ ಶಾಲೆಯೊಂದು ಯಾರನ್ನೂ ಕೇಳದೆ ಅದನ್ನು ಪ್ರತಿ ಮಾಡಿ ಹಂಚಬಹುದು. ಆದರೂ ಆರು ವರ್ಷದ ಮಗು ಕಥೆ ಪುಸ್ತಕದ ಹಾಳೆ ತಾನೇ ತಿರುವಬೇಕು. ಮನೆಯಲ್ಲಿ ಒಂದೇ ಫೋನಿದ್ದು ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗಿದ್ದರೆ ಆ ಮಗುವಿಗೆ ಡಿಜಿಟಲ್ ಗ್ರಂಥಾಲಯ ಇಲ್ಲ.

ಒಯ್ಯುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ನಮಗಿಂತ ಕಡಿಮೆ ಅನುಕೂಲದಲ್ಲಿ ಉತ್ತರ ಕಂಡುಕೊಂಡಿದ್ದರು. ಬರೋಡಾದ ಸಯಾಜಿರಾವ್ ಗಾಯಕವಾಡರ ರಾಜ್ಯದಲ್ಲಿ ಪುಸ್ತಕ ತುಂಬಿದ ಮರದ ಪೆಟ್ಟಿಗೆಗಳು ಊರಿಂದೂರಿಗೆ ತಿರುಗುತ್ತಿದ್ದವು. 1931ರಲ್ಲಿ, ಎಸ್.ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿದ ವರ್ಷವೇ, ತಮಿಳುನಾಡಿನ ಮನ್ನಾರ್ಗುಡಿಯಲ್ಲಿ ಎತ್ತಿನ ಬಂಡಿಯ ಗ್ರಂಥಾಲಯ ಹೊರಟಿತು. ನಮಗೆ ಅಂಚೆಯೂ ಇದೆ: 2025ರ ಮೇ 1ರಂದು ಶುರುವಾದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, 5 ಕಿಲೋಕ್ಕೆ 100 ರೂಪಾಯಿ. ಅದೂ ಬೇಡವೆಂದರೆ ನಗರದಲ್ಲಿ ಮನೆ ಮಾಡಿ ಹಳ್ಳಿಯಲ್ಲಿ ನೌಕರಿ ಮಾಡುವ ಶಿಕ್ಷಕರು ದಿನಾ ಮುಂಜಾನೆ ಅಥಣಿ ದಾರಿಯ ಬಸ್ಸು, ಜಮಖಂಡಿ ದಾರಿಯ ಬಸ್ಸು ಹತ್ತುತ್ತಾರೆ. ಊರಲ್ಲಿ ಉಳಿಯುವುದಿಲ್ಲ ಎಂದು ಅವರನ್ನು ಎಲ್ಲರೂ ದೂರುತ್ತಾರೆ. ನನಗೆ ಅವರ ಹೆಗಲ ಚೀಲ ಕಾಣುತ್ತದೆ. ಸೋಮವಾರ ನಾಲ್ಕು ಪುಸ್ತಕ ಆಚೆ, ಶನಿವಾರ ನಾಲ್ಕು ಈಚೆ.

ಗೌರವಧನದ ಮೇಲೆ ದುಡಿಯುವ ಅರಿವು ಕೇಂದ್ರದ ಮೇಲ್ವಿಚಾರಕರಿಗೆ, ಜನಗಣತಿಯಿಂದ ಚುನಾವಣೆಯವರೆಗೆ ಎಲ್ಲ ಕೆಲಸ ಹೊರುವ ಶಿಕ್ಷಕರಿಗೆ ಇದು ಇನ್ನೊಂದು ಹೊರೆ ಎಂಬ ಆಕ್ಷೇಪ ನ್ಯಾಯವಾದದ್ದು. ಈ ಕೆಲಸಕ್ಕೆ ವಾರದಲ್ಲಿ ಒಂದು ಅವಧಿ ಬಿಡಿಸಿ ಕೊಡಬೇಕು, ಮೇಲ್ವಿಚಾರಕರಿಗೆ ಅದರ ಸಂಬಳ ಕೊಡಬೇಕು. ಜಿಲ್ಲೆಯ ಎಲ್ಲ ಶಾಲೆಗಳಲ್ಲಿ ಒಮ್ಮೆಗೇ ಆರಂಭಿಸುವುದೂ ಬೇಡ. ತಿಕೋಟಾದ ಒಂದು ಕ್ಲಸ್ಟರ್, ಬಬಲೇಶ್ವರದ ಒಂದು ಕ್ಲಸ್ಟರ್, ನಗರದ ಒಂದು ಕಾಲೇಜು. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸಭೆ ಹೇಗೂ ನಡೆಯುತ್ತದೆ. ಅಲ್ಲಿಗೆ ಪ್ರತಿ ಶಾಲೆಯವರು ತಮ್ಮ ಪುಸ್ತಕಗಳ ನೋಂದಣಿ ವಹಿಯನ್ನು ತರಲಿ. ಅದರಲ್ಲಿ ಬೆಲೆ, ತಾರೀಖು, ಬಿಲ್ಲಿನ ನಂಬರಿನ ಅಂಕಣಗಳು ಇರುತ್ತವೆ. ಅವುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಇನ್ನೊಂದು ಗೆರೆ ಎಳೆದು, ಮೇಲೆ ಹೀಗೆ ಬರೆಯಲಿ: ಈ ಪುಸ್ತಕ ಈಗ ಯಾವ ಊರಲ್ಲಿದೆ.