‘ವಿರ್ದ್’ ಮತ್ತು ‘ವಿಧಿ’: ಪದಮೂಲದಿಂದ ನಂಬಿಕೆಯನ್ನು ಕಟ್ಟುವ ವಿಮರ್ಶೆಯ ಬಗ್ಗೆ

ಆಂಗ್ಲೋ-ಸ್ಯಾಕ್ಸನ್ ಕಾವ್ಯವನ್ನು ಕನ್ನಡದಲ್ಲಿ ವಿವರಿಸುವಾಗ ‘ವಿರ್ದ್’ ಎಂಬ ಪದ ಎದುರಾದೊಡನೆ ‘ವಿಧಿ’ ಎಂದು ಬರೆದು ಮುಂದೆ ಸಾಗುವುದು ಸುಲಭ. ಈ ಲೇಖಕನೂ ಬಹುಕಾಲ ಹಾಗೆಯೇ ಮಾಡಿದ್ದಾನೆ. ಎರಡು ಪದಗಳ ನಡುವಿನ ಧ್ವನಿಸಾಮ್ಯ ಕೇವಲ ಆಕಸ್ಮಿಕವಾದರೂ ಅದು ಅನುವಾದಕನ ಮನಸ್ಸಿಗೆ ಒಂದು ಬಗೆಯ ನೆಮ್ಮದಿ ಕೊಡುತ್ತದೆ. ಆದರೆ ಹೀಗೆ ಅನುವಾದಿಸಿದ ಕ್ಷಣದಲ್ಲಿ ನಾವು ಒಂದು ಪದದ ಅರ್ಥವನ್ನಷ್ಟೇ ಅಲ್ಲ, ಒಂದು ಜನಾಂಗದ ಧರ್ಮಶ್ರದ್ಧೆಯನ್ನೂ ನಿರ್ಧರಿಸಿಬಿಟ್ಟಿರುತ್ತೇವೆ: ಮೇಲೆ ಕ್ರೈಸ್ತ ಲೇಪ, ಒಳಗೆ ವಿಧಿಯನ್ನು ನಂಬುವ ಜರ್ಮಾನಿಕ್ ಮನಸ್ಸು ಎಂಬ ಹಳೆಯ ಚಿತ್ರ.

ಈ ಚಿತ್ರಕ್ಕೆ ಒಂದು ಇತಿಹಾಸವಿದೆ. ಯಾಕೋಬ್ ಗ್ರಿಮ್ 1835ರಲ್ಲಿ ಪ್ರಕಟಿಸಿದ ಜರ್ಮಾನಿಕ್ ಪುರಾಣಶಾಸ್ತ್ರದಲ್ಲಿ ಹಳೆಯ ಇಂಗ್ಲಿಷಿನ ‘ವಿರ್ದ್’ ಅನ್ನು ಹಳೆಯ ನಾರ್ಸಿನ ‘ಉರ್ಥ್ರ್’ ಜೊತೆಗಿಟ್ಟು ನೋಡಿದನು. ನಾರ್ಸ್ ಕಾವ್ಯದಲ್ಲಿ ಉರ್ಥ್ರ್ ಮನುಷ್ಯರ ಭವಿಷ್ಯವನ್ನು ನಿರ್ಣಯಿಸುವ ಮೂವರು ಸ್ತ್ರೀಯರಲ್ಲಿ ಒಬ್ಬಳು. ಪದಗಳೆರಡೂ ಜ್ಞಾತಿಪದಗಳು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಜ್ಞಾತಿಪದವಿದ್ದ ಮಾತ್ರಕ್ಕೆ ದೇವತೆಯೂ ಜೊತೆಯಲ್ಲಿ ಬರಬೇಕೆ? ಆ ನಾರ್ಸ್ ಪದ್ಯಗಳು ನಮಗೆ ದೊರೆತಿರುವುದು 13ನೇ ಶತಮಾನದ ಐಸ್‌ಲ್ಯಾಂಡಿನ ಹಸ್ತಪ್ರತಿಯಲ್ಲಿ; ‘ಬೆಯೊವುಲ್ಫ್’ ಹಸ್ತಪ್ರತಿ ಸುಮಾರು 1000ದ್ದು; ಅಗಸ್ಟೀನನ ಧರ್ಮಪ್ರಚಾರಕ ತಂಡ ಕೆಂಟ್ ಸೇರಿದ್ದು 597ರಲ್ಲಿ. ಟಿಮ್ಮರ್ 1941ರಲ್ಲಿ ಗದ್ಯಪದ್ಯಗಳೆರಡರ ಪ್ರಯೋಗಗಳನ್ನೂ ಪರಿಶೀಲಿಸಿ ಈ ಪದವನ್ನು ಕ್ರೈಸ್ತ ಸಂದರ್ಭದಲ್ಲಿಟ್ಟು ಓದಿದನು. ಎರಿಕ್ ಸ್ಟ್ಯಾನ್ಲಿ 1964–65ರಲ್ಲಿ ಬರೆದ ಲೇಖನಮಾಲೆಯಲ್ಲಿ, ಈ ಅನ್ಯಧರ್ಮದ ಹುಡುಕಾಟವೇ 19ನೇ ಶತಮಾನದ ರಮ್ಯ ಕಲ್ಪನೆಯ ಕೂಸು ಎಂದು ತೋರಿಸಿದನು. ಆದರೂ ಹಳೆಯ ಓದು ಪೂರ್ಣ ಅಳಿದಿಲ್ಲ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನ ಮೂವರು ‘ವಿಯರ್ಡ್’ ಸೋದರಿಯರು ಓದುಗರ ಕಣ್ಣಮುಂದೆ ನಿಂತಿರುವವರೆಗೆ ಅದು ಅಳಿಯುವುದೂ ಕಷ್ಟ.

ಪದಮೂಲ ಸ್ಪಷ್ಟವಾಗಿದೆ. ‘ವಿರ್ದ್’ ಎಂಬುದು ‘ಆಗು’ ಎಂಬ ಅರ್ಥದ ‘ವೆಯೊರ್ಥನ್’ ಕ್ರಿಯಾಪದದಿಂದ ನಿಷ್ಪನ್ನವಾದ ಸ್ತ್ರೀಲಿಂಗ ನಾಮಪದ. ಕೊನೆಯ ‘ದ್’ಕಾರಕ್ಕೆ ವೆರ್ನರ್ ನಿಯಮವೇ ಕಾರಣ. ಇಂಡೋ-ಯುರೋಪಿಯನ್ ಮೂಲಧಾತುವಿನ ಅರ್ಥ ‘ತಿರುಗು’. ಲ್ಯಾಟಿನಿನ ‘ವೆರ್ತೆರೆ’ಯೂ ಸಂಸ್ಕೃತದ ‘ವೃತ್’ ಧಾತುವೂ ಅದರಿಂದಲೇ ಬಂದವು. ಹೀಗಾಗಿ ಕನ್ನಡ ತತ್ಸಮಗಳಲ್ಲಿ ‘ವಿರ್ದ್’ಗೆ ನಿಜವಾದ ಬಂಧು ‘ವಿಧಿ’ಯಲ್ಲ, ‘ವೃತ್ತಾಂತ’. ಈ ‘ತಿರುಗು’ ಎಂಬ ಅರ್ಥವನ್ನೇ ಹಿಡಿದು ಕೆಲವರು ನೂಲುವ ಕದಿರಿಗೂ, ಕದಿರಿನಿಂದ ಬಾಳಿನ ನೂಲು ತೆಗೆಯುವ ದೇವಿಯರಿಗೂ ಸಾಗಿದ್ದಾರೆ. ಇದು ಒಪ್ಪತಕ್ಕ ವಾದವಲ್ಲ. ಧಾತುವಿನ ಅರ್ಥ ಭಾಷಿಕನ ಮನಸ್ಸಿನಲ್ಲಿ ಜೀವಂತವಾಗಿತ್ತೆಂಬುದಕ್ಕೆ ಪ್ರಯೋಗದ ಸಾಕ್ಷ್ಯ ಬೇಕು. ‘ಆಗುವುದು ಆಗಿಯೇ ತೀರುತ್ತದೆ’ ಎನ್ನುವ ಕನ್ನಡಿಗನು ‘ಆಗು’ ಎಂಬ ಹೆಸರಿನ ದೇವತೆಯನ್ನು ಪೂಜಿಸುವವನಲ್ಲ.

ಪ್ರಯೋಗ ಏನು ಹೇಳುತ್ತದೆ? ‘ಬೆಯೊವುಲ್ಫ್’ನಲ್ಲಿ ‘ವಿರ್ದ್’ ಮನುಷ್ಯರನ್ನು ಒಯ್ಯುತ್ತದೆ, ಗುಡಿಸಿ ಹಾಕುತ್ತದೆ. ಅದು ಕರ್ತೃಸ್ಥಾನದಲ್ಲಿ ನಿಂತಿರುವುದನ್ನೇ ವ್ಯಕ್ತಿತ್ವಾರೋಪಕ್ಕೆ ಆಧಾರವಾಗಿ ತೋರಿಸುತ್ತಾರೆ. ಆದರೆ ‘ಒಯ್ದಿತು’ ಎಂಬ ಅರ್ಥದ ‘ಫೊರ್ನಾಮ್’ ಕ್ರಿಯಾರೂಪದ ಕರ್ತೃಗಳನ್ನು ಒಟ್ಟಿಗೆ ನೋಡಬೇಕು. 1205ನೆಯ ಸಾಲಿನಲ್ಲಿ ಕರ್ತೃ ‘ವಿರ್ದ್’, 488ರಲ್ಲಿ ಸಾವು, 1080ರಲ್ಲಿ ಯುದ್ಧ, 1123ರಲ್ಲಿ ಯುದ್ಧವಾಚಿಯಾದ ಮತ್ತೊಂದು ಪದ. ಪ್ರಾಸಾಕ್ಷರದ ಅಗತ್ಯಕ್ಕೆ ತಕ್ಕಂತೆ ಕವಿ ತುಂಬಿಕೊಳ್ಳುವ ಸೂತ್ರರೂಪಿ ಸ್ಥಾನವಿದು. ಯುದ್ಧವನ್ನು ಇಲ್ಲಿ ಯಾರೂ ದೇವತೆಯೆನ್ನುವುದಿಲ್ಲ. ಅದೇ ಸ್ಥಾನದಲ್ಲಿ ನಿಂತ ‘ವಿರ್ದ್’ಗೆ ಮಾತ್ರ ಆ ಪಟ್ಟ ಏಕೆ? ಇನ್ನು ಶಿಲುಬೆಯೇ ಮಾತನಾಡುವ ‘ದಿ ಡ್ರೀಮ್ ಆಫ್ ದಿ ರೂಡ್’ ಕಾವ್ಯದಲ್ಲಿ ಈ ಪದಕ್ಕೆ ‘ಘಟನೆ’ ಎಂಬುದಲ್ಲದೆ ಬೇರೆ ಅರ್ಥವೇ ಹೊಂದದು. ಶಿಲುಬೆಗಳನ್ನು ಕೆಡವಿದ್ದು ಅಲ್ಲಿ ಒಂದು ಭಯಂಕರ ‘ವಿರ್ದ್’.

ಹಾಗೆಂದು ಸಂಶಯವಾದಿಗಳ ಹಾದಿಯೂ ಸಲೀಸಲ್ಲ. ಕ್ರಿ.ಶ. 700ರ ಸುಮಾರಿನ ಎಪಿನಾಲ್ ಪದಕೋಶದಲ್ಲಿ ಲ್ಯಾಟಿನಿನ ‘ಪಾರ್ಕೇ’, ಎಂದರೆ ಬಾಳಿನ ನೂಲು ನೂಲುವ ರೋಮನ್ ದೇವಿಯರು, ಎಂಬ ಪದಕ್ಕೆ ‘ವಿರ್ದ್’ನ ಬಹುವಚನವೇ ಅರ್ಥವಾಗಿ ನಿಂತಿದೆ. ಆಲ್ಡ್‌ಹೆಲ್ಮನ (ಮರಣ 709) ಲೋಹಕವಚದ ಲ್ಯಾಟಿನ್ ಒಗಟಿನಲ್ಲಿ, ರೇಷ್ಮೆಹುಳುಗಳು ತನ್ನನ್ನು ನೇಯ್ದಿಲ್ಲವೆಂದು ಕವಚ ಹೇಳಿಕೊಳ್ಳುತ್ತದೆ. ವಿಧಿಯ ಮಾತು ಅಲ್ಲಿಲ್ಲ. ಅದೇ ಒಗಟಿನ ಹಳೆಯ ಇಂಗ್ಲಿಷ್ ರೂಪ, ಎಕ್ಸಿಟರ್ ಗ್ರಂಥದಲ್ಲಿಯೂ ಲೈಡನ್ನಿನ ಹಸ್ತಪ್ರತಿಯ ನಾರ್ತಂಬ್ರಿಯನ್ ಪಾಠದಲ್ಲಿಯೂ, ಹುಳುಗಳ ನೇಯ್ಗೆಯ ಜೊತೆಗೆ ‘ವಿರ್ದ್‌’ಗಳ ಕುಶಲತೆಯನ್ನು ಸೇರಿಸುತ್ತದೆ. ಮೂಲದಲ್ಲಿಲ್ಲದ್ದನ್ನು ಅನುವಾದಕ ತಂದನೆಂದರೆ ಅವನ ಮನಸ್ಸಿನಲ್ಲಿ ನೇಯ್ಗೆಗೂ ಈ ಪದಕ್ಕೂ ನಂಟಿತ್ತು. ಅದು ನೆಲದ ನಂಬಿಕೆಯ ನಂಟೋ, ಶಾಲೆಯ ನಂಟೋ? ಆಲ್ಡ್‌ಹೆಲ್ಮ್ ಓದಿದ್ದು ಥಿಯೊಡೋರ್ ಮತ್ತು ಹೇಡ್ರಿಯನ್ನರ ಕ್ಯಾಂಟರ್ಬರಿಯಲ್ಲಿ. ಅವನ ಒಗಟುಗಳನ್ನು ಓದಿ ಅನುವಾದಿಸಬಲ್ಲವನಿಗೆ ‘ಪಾರ್ಕೇ’ಯ ಅರ್ಥ ತಿಳಿದಿದ್ದರೆ ಆಶ್ಚರ್ಯವಿಲ್ಲ. ನನ್ನ ಒಲವು ಶಾಲೆಯ ಕಡೆಗಿದೆ. ಆದರೂ ಇಷ್ಟನ್ನು ಒಪ್ಪಬೇಕು: ‘ಪಾರ್ಕೇ’ಗೆ ಅರ್ಥ ಬರೆಯಲು ಹೊರಟವನಿಗೆ ಕೈಗೆ ಸಿಕ್ಕಿದ್ದು ಈ ಪದವೇ ಹೊರತು ಬೇರೆಯದಲ್ಲ. ಬರಿಯ ‘ಘಟನೆ’ ಎಂಬ ಅರ್ಥವಷ್ಟೇ ಇದ್ದಿದ್ದರೆ ಅದು ಸಿಗುತ್ತಿರಲಿಲ್ಲ.

ಗದ್ಯದಲ್ಲಿ ಪದದ ಮೇಲಿನ ಜಗ್ಗಾಟ ಬಹಿರಂಗವಾಗಿಯೇ ಇದೆ. ಆಲ್ಫ್ರೆಡ್ ದೊರೆಯ (ಮರಣ 899) ಹೆಸರಿನಲ್ಲಿ ಪ್ರಸಿದ್ಧವಾದ ಬೊಯೇಥಿಯಸ್‌ನ ಅನುವಾದ ಲ್ಯಾಟಿನಿನ ‘ಫಾತುಮ್’ಗೆ ‘ವಿರ್ದ್’ ಪದವನ್ನೇ ಆರಿಸುತ್ತದೆ. ಬಳಿಕ, ಅದು ದೇವರು ದಿನದಿನವೂ ನಡೆಸುವ ಕಾರ್ಯವೇ ಹೊರತು ಸ್ವತಂತ್ರ ಶಕ್ತಿಯಲ್ಲವೆಂದು ವಿವರಿಸುತ್ತದೆ. ಅನುವಾದಕನ ಆಯ್ಕೆ ಅಂತಹ ವಿವರಣೆಯನ್ನು ಬೇಡಿತೆಂಬುದೇ ಗಮನಾರ್ಹ. 10ನೇ ಶತಮಾನದ ಕೊನೆಯಲ್ಲಿ ಎಲ್ಫ್ರಿಕ್ ತನ್ನ ಎಪಿಫನಿ ಪ್ರವಚನದಲ್ಲಿ, ನಕ್ಷತ್ರಗಳಿಂದ ಹುಟ್ಟಿದವರ ಗತಿ ನಿರ್ಣಯವಾಗುತ್ತದೆಂಬುದನ್ನು ಖಂಡಿಸುತ್ತಾ ಇದರ ಸೋದರಪದವಾದ ‘ಗೆವಿರ್ದ್’ಅನ್ನು ತಳ್ಳಿಹಾಕುತ್ತಾನೆ. ಅವನ ಎದುರಾಳಿ ಜರ್ಮಾನಿಕ್ ದೇವಿಯಲ್ಲ, ಜ್ಯೋತಿಷ್ಯ.

ಈಗ ಕನ್ನಡದ ಪ್ರಶ್ನೆ. ‘ವಿಧಿ’ಯಲ್ಲಿ ವಿಧಿಸುವವನಿದ್ದಾನೆ, ‘ಹಣೆಬರಹ’ದಲ್ಲಿ ಬರೆಯುವವನಿದ್ದಾನೆ, ‘ದೈವ’ದಲ್ಲಿ ದೇವನೇ ಇದ್ದಾನೆ. ‘ವಿರ್ದ್’ನ ರಚನೆಯಲ್ಲಿ ಯಾರೂ ಇಲ್ಲ. ‘ಬೆಯೊವುಲ್ಫ್’ನ 1056–57ನೆಯ ಸಾಲುಗಳಲ್ಲಿ, ಪ್ರಾಜ್ಞನಾದ ದೇವರೂ ಒಬ್ಬ ಮನುಷ್ಯನ ಧೈರ್ಯವೂ ಸೇರಿ ‘ವಿರ್ದ್’ ಅನ್ನು ತಡೆಯದಿದ್ದರೆ ಗ್ರೆಂಡೆಲ್ ಇನ್ನೂ ಹಲವರನ್ನು ಕೊಲ್ಲುತ್ತಿದ್ದನೆಂದು ಕವಿ ಹೇಳುತ್ತಾನೆ. ಇಲ್ಲಿ ‘ವಿಧಿ’ ಎಂದು ಬರೆದರೆ ವಿಧಿಸಿದವನೇ ತಾನು ವಿಧಿಸಿದ್ದನ್ನು ತಡೆದನೆಂಬ ವಿರೋಧಾಭಾಸ ಕನ್ನಡದಲ್ಲಿ ಹುಟ್ಟುತ್ತದೆ, ಮೂಲದಲ್ಲಿ ಅದಿಲ್ಲ. ‘ಆಗಲಿದ್ದುದನ್ನು ತಡೆದರು’ ಎಂದರೆ ಸಾಲು ತಿಳಿಯಾಗುತ್ತದೆ. ‘ದಿ ವಾಂಡರರ್’ನ ಒಂಟಿ ಅಲೆಮಾರಿಯ ಬಾಯಲ್ಲಿ ‘ಆಗಬೇಕಾದದ್ದು’ ಎಂಬ ರೂಪ ಹೊಂದುತ್ತದೆ, ಶಿಲುಬೆಯ ಬಾಯಲ್ಲಿ ‘ನಡೆದದ್ದು’. ಬೊಯೇಥಿಯಸ್‌ನ ಅನುವಾದದಲ್ಲಿ ಮಾತ್ರ ‘ವಿಧಿ’ಯನ್ನು ಇಟ್ಟುಕೊಳ್ಳಬಹುದು, ಏಕೆಂದರೆ ಅಲ್ಲಿ ವಾದವಿರುವುದೇ ವಿಧಿಸುವವನ ಕುರಿತು.