ಜೋಗತಿಯ ಪದಕ್ಕೆ ಗಣಕದ ತಿದ್ದುಪಡಿ ಬೇಕೇ?

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಜೋಗತಿಯರ ಚೌಡಿಕೆ ಪದ ಹೊಸದಲ್ಲ. ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ನಿಮ್ಮ ವಿದ್ಯಾರ್ಥಿಗಳು ಅಂಥ ಒಂದು ಪದವನ್ನು ಶಾಲೆಯ ಗಣಕದಲ್ಲಿ ಧ್ವನಿಮುದ್ರಿಸಿದ್ದಾರೆ ಎನ್ನಿ. 'ಶ್ರುತಿ ಸ್ವಲ್ಪ ತಪ್ಪಿದಂತಿದೆ, ತಿದ್ದೋಣವೇ ಸರ್?' ಎಂದು ಒಬ್ಬ ಹುಡುಗ ಕೇಳುತ್ತಾನೆ. ತಿದ್ದುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಅದು ಯಾವುದನ್ನು 'ತಪ್ಪು' ಎನ್ನುತ್ತದೆ? ಮೊದಲು ಅದನ್ನು ನೋಡೋಣ.

ಜಿಸ್ನ್ಯಾಪ್ ಅಂಥದೊಂದು ಪ್ಲಗಿನ್. ಆಡಾಸಿಟಿಯಂತಹ ಧ್ವನಿ ಸಂಪಾದನೆಯ ತಂತ್ರಾಂಶದೊಳಗೆ ಇದನ್ನು ಸೇರಿಸಿಕೊಳ್ಳಬಹುದು. ಈ ಬಗೆಯ ತಂತ್ರಾಂಶಗಳಿಗೆ ದಾರಿ ತೋರಿದ್ದು 1997ರ ಆಟೋ-ಟ್ಯೂನ್. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ತೈಲ ನಿಕ್ಷೇಪ ಹುಡುಕಲು ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುತ್ತಿದ್ದವರು. ಒಂದು ಅಲೆಯನ್ನು ಸ್ವಲ್ಪ ಮುಂದೆ ಸರಿಸಿ ಅದರೊಡನೆಯೇ ಹೋಲಿಸಿ. 4 ಮಿಲಿಸೆಕೆಂಡು ಸರಿಸಿದಾಗ ಎರಡೂ ಮೊದಲ ಬಾರಿ ಹೊಂದಿಕೊಂಡರೆ ಆವೃತ್ತಿ 250 ಹರ್ಟ್ಸ್. ಹೀಗೆ ಸಿಕ್ಕ ಆವೃತ್ತಿಯನ್ನು ಹತ್ತಿರದ ಸ್ವರಕ್ಕೆ ಎಳೆಯುವುದೇ ತಿದ್ದುಪಡಿ.

ದೋಷ ಇರುವುದು ಈ 'ಹತ್ತಿರದ ಸ್ವರ'ದಲ್ಲಿ. ಜಿಸ್ನ್ಯಾಪ್‌ನ ಸ್ವರಗಳು ಪಿಯಾನೋದ 12 ಸಮಾನ ಮೆಟ್ಟಿಲುಗಳು. ಒಂದೊಂದು ಮೆಟ್ಟಿಲಿಗೂ ಆವೃತ್ತಿ ಸುಮಾರು 1.0595 ಪಟ್ಟಾಗುತ್ತದೆ. ಷಡ್ಜ 220 ಹರ್ಟ್ಸ್ ಇದ್ದರೆ, 5:4 ಅನುಪಾತದ ಶುದ್ಧ ಗಾಂಧಾರ 275 ಹರ್ಟ್ಸ್. ತಂತ್ರಾಂಶ ಅದನ್ನು 277.2ಕ್ಕೆ ಏರಿಸುತ್ತದೆ. ಬೇಡದ ಸ್ವರಗಳನ್ನು ಕೈಬಿಡಲು, ಇಡೀ ಏಣಿಯನ್ನು ಗಾಯಕಿಯ ಷಡ್ಜಕ್ಕೆ ಹೊಂದಿಸಲು ಅವಕಾಶವಿದೆ. ಒಂದು ಮೆಟ್ಟಿಲನ್ನಷ್ಟೇ ಸರಿಸಲು ಅವಕಾಶವಿಲ್ಲ. ಸರಿಯಾಗಿ ಹಾಡಿದ್ದೇ ಇಲ್ಲಿ ತಪ್ಪಾಗುತ್ತದೆ!

ಚೌಡಿಕೆಯದು ಇನ್ನೊಂದು ತೊಡಕು. ಅದರ ತಂತಿಯನ್ನು ಬಿಗಿದು ಸಡಿಲಿಸಿದಂತೆ ನಾದ ಜಾರುತ್ತದೆ. ಜೋಗತಿಯ ಕಂಠವೂ ಹಾಗೆಯೇ ಜಾರುತ್ತದೆ. ಆ ಜಾರಿಕೆಯೇ ಪದದ ಜೀವ. ತಂತ್ರಾಂಶ ಅದನ್ನು ಮೆಟ್ಟಿಲುಗಳಾಗಿ ಕಡಿಯುತ್ತದೆ. ಎಳೆತವನ್ನು ನಿಧಾನಗೊಳಿಸಿದರೆ ಈ ಹಾನಿ ಕಡಿಮೆಯಾದೀತು, ಇಲ್ಲವಾಗದು. ಮೇಲಾಗಿ ಇದು ಒಂದು ಸಲಕ್ಕೆ ಒಂದೇ ಧ್ವನಿಯನ್ನು ಗುರುತಿಸಬಲ್ಲದು. ಕಂಠ, ಚೌಡಿಕೆ ಎರಡೂ ಒಂದೇ ಮುದ್ರಣದಲ್ಲಿದ್ದರೆ ಗೊಂದಲಕ್ಕೆ ಬೀಳುತ್ತದೆ.

ಹಾಗಾದರೆ ಇದು ನಿಷ್ಪ್ರಯೋಜಕವೇ? ಅಲ್ಲ. ಕೀಬೋರ್ಡಿನೊಡನೆ ಹಾಡುವ ಒಂಟಿ ಕಂಠಕ್ಕೆ ಇದು ಚೆನ್ನಾಗಿಯೇ ಒದಗುತ್ತದೆ. ತರಗತಿಯಲ್ಲಿ ಇನ್ನೂ ಹೆಚ್ಚು ಉಪಯುಕ್ತ. ಆಡಾಸಿಟಿಯಲ್ಲಿ 275 ಮತ್ತು 277.2 ಹರ್ಟ್ಸ್‌ನ ಎರಡು ನಾದಗಳನ್ನು ಸೃಷ್ಟಿಸಿ ಒಟ್ಟಿಗೆ ಕೇಳಿಸಿ. ಸೆಕೆಂಡಿಗೆ ಸುಮಾರು 2 ಬಾರಿ ಧ್ವನಿ ಏರಿಳಿಯುವುದು ಮಕ್ಕಳಿಗೆ ಸ್ಪಷ್ಟವಾಗಿ ಕೇಳುತ್ತದೆ. ಎರಡು ಆವೃತ್ತಿಗಳ ವ್ಯತ್ಯಾಸವೂ ಅಷ್ಟೇ ಅಲ್ಲವೇ? ಆಮೇಲೆ ಅದೇ ಪದದ ಮೂಲ ಮತ್ತು ತಿದ್ದಿದ ಪ್ರತಿಗಳನ್ನು ಕೇಳಿಸಿ, ಏನು ಕಳೆದುಹೋಯಿತೆಂದು ಅವರಿಂದಲೇ ಹೇಳಿಸಿ.

ಆದರೆ ಮೂಲ ಮುದ್ರಿಕೆಯನ್ನು ಮುಟ್ಟದೆ ಬೇರೆಯಾಗಿಯೇ ಕಾಪಾಡಿಡಿ. ನಾಳೆ ಈ ಸೀಮೆಯ ಹಾಡುಗಾರಿಕೆಯನ್ನು ಅಭ್ಯಾಸ ಮಾಡುವವನಿಗೆ ಬೇಕಾಗುವುದು ಜೋಗತಿಯ ಶ್ರುತಿ, ಗಣಕದ್ದಲ್ಲ.